ಬೆಕ್ಕಿನ ಉಗುರು, ಭೀಮಸೇನರ ಸ್ವರ

ಮನೆಯಲ್ಲಿ ಬೆಕ್ಕು ಸಾಕುವವರು ಕೆಲವರು. ಹಾಡು ಕೇಳುವುದಕ್ಕೆಂದು ದೊಡ್ಡ ಸ್ಪೀಕರ್ ಪೆಟ್ಟಿಗೆಗಳನ್ನು ತಂದಿಟ್ಟುಕೊಳ್ಳುವವರು ಮತ್ತೆ ಕೆಲವರು. ಈ ಎರಡು ಪಂಗಡದವರೂ ಸುಖಿಗಳೇ. ಎರಡನ್ನೂ ಒಂದೇ ಕೋಣೆಯಲ್ಲಿ ಇಟ್ಟುಕೊಂಡವರ ಮೂರನೆಯ ಪಂಗಡವೊಂದುಂಟು. ಆ ನತದೃಷ್ಟ ಪಂಗಡಕ್ಕೆ ಸೇರಿದ ನಾನು ಈ ವಾರ ನಮ್ಮ ಮನೆಯ ಒಂದು ವ್ಯಾಜ್ಯವನ್ನು ಓದುಗರ ಮುಂದಿಡುತ್ತೇನೆ. ವಾದಿ ನಾನು, ಪ್ರತಿವಾದಿ ಚಿನ್ನವ್ವನೆಂಬ ಬೆಕ್ಕು, ನ್ಯಾಯಾಧೀಶರು ನನ್ನ ತಂದೆ. ವಾದಿಯೇ ಸೋತನೆಂಬುದನ್ನು ಮೊದಲಿಗೇ ಹೇಳಿಬಿಟ್ಟರೆ ಓದುಗರಿಗೆ ಸಮಾಧಾನವಾದೀತು.

ಮೊದಲು ಊರಿನ ಮಾತು. ಗದಗ-ಬೆಟಗೇರಿಯಲ್ಲಿ ಹಾಡು ಕೇಳುವುದೆಂದರೆ ಹೊತ್ತು ಕಳೆಯುವ ಸಂಗತಿಯಲ್ಲ. ಪಂಚಾಕ್ಷರಿ ಗವಾಯಿಗಳೂ ಅವರ ತರುವಾಯ ಪುಟ್ಟರಾಜ ಗವಾಯಿಗಳೂ ಕಣ್ಣಿಲ್ಲದ ಮಕ್ಕಳ ಕೊರಳಿಗೆ ಸ್ವರ ಕೊಟ್ಟು ಅವರ ಬಾಳಿಗೆ ದಾರಿ ತೋರಿದ ವೀರೇಶ್ವರ ಪುಣ್ಯಾಶ್ರಮ ಇಲ್ಲಿದೆ. 1922ರಲ್ಲಿ ರೋಣದಲ್ಲಿ ಹುಟ್ಟಿ ಗದಗಿನಲ್ಲಿ ಬೆಳೆದ ಭೀಮಸೇನ ಜೋಶಿಯವರ ಕಥೆಯಂತೂ ನಮ್ಮೂರಿನ ಮಕ್ಕಳಿಗೂ ಗೊತ್ತು. ಅಬ್ದುಲ್ ಕರೀಂ ಖಾನರ ಝಿಂಝೋಟಿ ಠುಮರಿಯನ್ನು ಗ್ರಾಮಫೋನ್ ತಟ್ಟೆಯಲ್ಲಿ ಕೇಳಿದ ಆ ಬಾಲಕ, ತಾನೂ ಹಾಗೆ ಹಾಡಬೇಕೆಂಬ ಹಂಬಲ ಹೊತ್ತು 1933ರಲ್ಲಿ ಮನೆ ಬಿಟ್ಟು ಹೊರಟುಹೋದ. ಉತ್ತರದ ಊರುಗಳನ್ನೆಲ್ಲ ಅಲೆದ ಅವನಿಗೆ ಕೊನೆಗೆ ಗುರು ದೊರೆತದ್ದು ಇಲ್ಲೇ ಸಮೀಪದ ಕುಂದಗೋಳದಲ್ಲಿ, ಸವಾಯಿ ಗಂಧರ್ವರ ರೂಪದಲ್ಲಿ. ಆ ಹುಡುಗನನ್ನು ಮನೆ ಬಿಡಿಸಿದ್ದು ಎದುರಿಗೆ ಕುಳಿತು ಹಾಡಿದ ಗಾಯಕನಲ್ಲ. ಒಂದು ಯಂತ್ರದ ಬಾಯಿ. ಅಂಥದೇ ಯಂತ್ರದ ಬಾಯಿ ನಮ್ಮ ಮನೆಯಿಂದ ಒಂದು ಬೆಕ್ಕನ್ನು ಹೊರಡಿಸುವುದರಲ್ಲಿತ್ತು.

ನನ್ನ ತಂದೆಯವರು ಲಕ್ಷ್ಮೇಶ್ವರದ ಸುತ್ತಿನ ಹಳ್ಳಿಗಳಲ್ಲಿ ಪ್ರಾಥಮಿಕ ಶಾಲೆಯ ಮಾಸ್ತರಿಕೆ ಮಾಡಿ ನಿವೃತ್ತರಾದವರು. ಧಾರವಾಡದ ಆಕಾಶವಾಣಿ ಕೇಂದ್ರ ಆರಂಭವಾದದ್ದು 1950ರ ಜನವರಿ 8ರಂದು. ತಾವೂ ಆ ಕೇಂದ್ರವೂ ಒಂದೇ ವಾರಿಗೆಯವರೆಂದು ಅವರು ಈಗಲೂ ಅಭಿಮಾನದಿಂದ ಹೇಳಿಕೊಳ್ಳುತ್ತಾರೆ. ಹುಡುಗರಾಗಿದ್ದಾಗ ಊರ ಗೌಡರ ಮನೆಯ ರೇಡಿಯೋದ ಮುಂದೆ, ಅದರ ಬಾಯಿಗೆ ಹೊದಿಸಿದ ಬಂಗಾರದ ಬಣ್ಣದ ಬಟ್ಟೆಯನ್ನೇ ನೋಡುತ್ತ ಹಾಡು ಕೇಳಿದವರಂತೆ. ಆ ಬಟ್ಟೆಯ ಹಿಂದೆ ಗವಾಯಿಗಳು ಕುಳಿತಿದ್ದಾರೆಂದೇ ಬಹಳ ದಿನ ನಂಬಿದ್ದರಂತೆ. ನನಗೆ ಕಾಲೇಜಿನಲ್ಲಿ ನೌಕರಿ ದೊರೆತ ವರ್ಷ, ಮೊದಲ ಸಂಬಳಗಳನ್ನು ಕೂಡಿಹಾಕಿ, ಎದೆಯುದ್ದದ ಎರಡು ಸ್ಪೀಕರ್ ಪೆಟ್ಟಿಗೆಗಳನ್ನು ಅವರಿಗೆಂದು ತಂದೆ. ಅವುಗಳ ಮುಖಕ್ಕೂ ಕಪ್ಪು ಬಟ್ಟೆಯ ಹೊದಿಕೆಯಿತ್ತು. ತಂದೆಯವರು ಮೊದಲ ದಿನ ಹಾಡು ಹಚ್ಚುವ ಮುನ್ನ ಆ ಬಟ್ಟೆಯನ್ನು ಅಂಗೈಯಿಂದ ಒಮ್ಮೆ ಸವರಿದರು.

ಚಿನ್ನವ್ವ ಬಂದದ್ದು ಆಮೇಲೆ. ನನ್ನ ತಾಯಿಯ ತವರು ಮುಂಡರಗಿ. ಒಮ್ಮೆ ಅಲ್ಲಿಂದ ಮರಳುವಾಗ ಅವ್ವ ಒಂದು ಬಿದಿರು ಬುಟ್ಟಿಯಲ್ಲಿ, ಮೇಲೆ ಸೀರೆಯ ತುಂಡು ಕಟ್ಟಿ, ಕಂಡಕ್ಟರನ ಕಣ್ಣು ತಪ್ಪಿಸಿ ಒಂದು ಮರಿಯನ್ನು ತಂದಳು. ಬುಟ್ಟಿಯೊಳಗೇನೆಂದು ಪಕ್ಕದವರು ಕೇಳಿದರೆ ಬದನೆಕಾಯಿ ಎಂದಳಂತೆ. ಆ ಬದನೆಕಾಯಿ ದಾರಿಯುದ್ದಕ್ಕೂ ಮಿಯಾಂವ್ ಎನ್ನುತ್ತಲೇ ಬಂದಿತು. ಎರಡು ವರ್ಷದ ಹಿಂದೆ ಅವ್ವ ತೀರಿಕೊಂಡಳು. ಅಲ್ಲಿಂದೀಚೆಗೆ ತಂದೆಯವರ ಸಂಜೆಗೆ ಎರಡೇ ಜೊತೆ: ಪೆಟ್ಟಿಗೆಯಿಂದ ಬರುವ ಹಾಡು, ತೊಡೆಯ ಮೇಲೆ ಮಲಗುವ ಚಿನ್ನವ್ವ.

ಹೀಗಿರಲಾಗಿ, ಹೋದ ಶ್ರಾವಣದ ಒಂದು ಸಂಜೆ ಕಾಲೇಜಿನಿಂದ ಬಂದು ನೋಡುತ್ತೇನೆ: ಬಲಗಡೆಯ ಪೆಟ್ಟಿಗೆಯ ಮುಖದ ಬಟ್ಟೆ ನಾಲ್ಕು ಸೀಳಾಗಿ ಜೋತುಬಿದ್ದಿದೆ. ಅದರ ಹಿಂದೆ, ಸ್ವರ ಹುಟ್ಟುವ ಕಾಗದದ ಕೋನ್ ಮೇಲೆ, ಪೆನ್ಸಿಲಿನಿಂದ ಚುಚ್ಚಿದಂಥ ಒಂದು ತೂತು. ಅಪರಾಧಿ ಪೆಟ್ಟಿಗೆಯ ಮೇಲೆಯೇ ಕುಳಿತು ಮೈ ನೆಕ್ಕಿಕೊಳ್ಳುತ್ತಿತ್ತು. ಹಾಡು ಹಚ್ಚಿದರೆ, ಭೀಮಸೇನರ ತಾನ್ ಮೇಲೇರುವಲ್ಲೆಲ್ಲ ಹರಿದ ಗಾಳಿಪಟದಂತೆ ಬರ್ರೆಂಬ ಸದ್ದು. ನನಗೆ ಬಂದ ಸಿಟ್ಟನ್ನು ಇಲ್ಲಿ ವರ್ಣಿಸಲಾರೆ. ಕನ್ನಡದ ಅಧ್ಯಾಪಕನ ಬಾಯಲ್ಲಿ ಬರಬಾರದ ಪದಗಳೂ ಬಂದವು.

ಮರುದಿನ ಕಾಲೇಜಿನ ಅಧ್ಯಾಪಕರ ಕೋಣೆಯಲ್ಲಿ ಈ ಸಂಕಟವನ್ನು ತೋಡಿಕೊಂಡೆ. ಶಿರಹಟ್ಟಿಯ ಸಹೋದ್ಯೋಗಿಯೊಬ್ಬರು ಕೂಡಲೇ ಪರಿಹಾರ ಹೇಳಿದರು: "ನಮ್ಮ ಹೊಲದ ಮನ್ಯಾಗ ಶೇಂಗಾದ ಚೀಲ ಅದಾವ್ರಿ, ಇಲಿ ಕಾಟ ಭಾಳ. ಬೆಕ್ಕನ್ನ ನಮಗ ಕೊಟ್ಟಬಿಡ್ರಿ." ಇದಕ್ಕಿಂತ ಸುಲಭವಾದ ದಾರಿ ಯಾವುದು? ರವಿವಾರ ಒಯ್ಯುವುದೆಂದು ನಿಶ್ಚಯಿಸಿ, ರಾತ್ರಿ ಊಟಕ್ಕೆ ಕುಳಿತಾಗ ಮನೆಯಲ್ಲಿ ಹೇಳಿದೆ. ನನ್ನಾಕೆ ತಲೆ ತಗ್ಗಿಸಿ ಸಾರು ಬಡಿಸಿದಳು. ತಂದೆಯವರು ಏನೂ ಮಾತಾಡಲಿಲ್ಲ.

ಮರುದಿನ ಸಂಜೆ ಮನೆಗೆ ಬಂದಾಗ ಎಂದಿನ ಹಾಡು ಬೀದಿಗೆ ಕೇಳಿಸಲಿಲ್ಲ. ಒಳಗೆ ಹೋದೆ. ಎರಡೂ ಪೆಟ್ಟಿಗೆಗಳಿಗೆ ಅವ್ವ ಹೊಲಿದ ದಪ್ಪ ಕೌದಿಯನ್ನು ಮೇಲಿನಿಂದ ಕೆಳಗಿನವರೆಗೆ ಹೊದಿಸಲಾಗಿತ್ತು. ತಂದೆಯವರು ಬೆಕ್ಕನ್ನು ತೊಡೆಯ ಮೇಲಿಟ್ಟುಕೊಂಡು ಸುಮ್ಮನೆ ಕಿಟಕಿಯ ಕಡೆ ನೋಡುತ್ತ ಕುಳಿತಿದ್ದರು.

"ಇದೇನ್ರಿ ಅಪ್ಪಾ, ಕೌದಿ ಯಾಕ ಹೊಚ್ಚೀರಿ? ಹಾಡು ಕೇಳಸೂದಿಲ್ಲಲ್ಲ?"

"ಕೇಳಲಿಲ್ಲಂದ್ರ ಏನಾತು, ತಮ್ಮಾ? ಇಷ್ಟ ದಿವಸ ಕೇಳೀನಲ್ಲ. ಹಾಡು ನನ್ನ ತಲ್ಯಾಗ ಅದಾವು. ಇದು ಎಲ್ಲೆ ಹೋಗತೈತಿ? ಇದಕ್ಕ ಶಿರಹಟ್ಟಿ ಗೊತ್ತೈತೇನು?"

ನಾನು ನಾಚಿದೆ. ಎಪ್ಪತ್ತು ದಾಟಿದ ಮನುಷ್ಯ, ಒಂದು ಮೂಕಪ್ರಾಣಿಯ ಸಲುವಾಗಿ ತನ್ನ ಸಂಜೆಯ ಸಂಗೀತವನ್ನೇ ಕೌದಿಯೊಳಗೆ ಮುಚ್ಚಿಟ್ಟಿದ್ದ. ಎಂ.ಎ. ಮಾಡಿಕೊಂಡು ಕರುಣರಸದ ಮೇಲೆ ಪಾಠ ಹೇಳುವ ನಾನು, ಬೆಕ್ಕೋ ಪೆಟ್ಟಿಗೆಯೋ ಎಂದು ಲೆಕ್ಕ ಹಾಕುತ್ತಿದ್ದೆ. ಎರಡೂ ಇರುವಂತೆ ಮಾಡಲು ಬರುತ್ತದೆಯೇ ಎಂದು ಒಮ್ಮೆಯೂ ಯೋಚಿಸಿರಲಿಲ್ಲ.

ಅಂದಿನಿಂದ ನಾನು ಈ ವಿಷಯದ ವಿದ್ಯಾರ್ಥಿಯಾದೆ. ಮೊದಲ ಪ್ರಶ್ನೆ: ಬೆಕ್ಕು ಪರಚುವುದೇಕೆ? ಅದಕ್ಕೆ ಸಂಗೀತದ ಮೇಲೆ ದ್ವೇಷವಿಲ್ಲ, ಮನೆಯ ಯಜಮಾನನ ಮೇಲೆ ಹಗೆಯೂ ಇಲ್ಲ. ಬೆಕ್ಕಿನ ಉಗುರು ಈರುಳ್ಳಿಯಂತೆ ಪದರಪದರವಾಗಿ ಬೆಳೆಯುತ್ತದೆ. ಸವೆದ ಹೊರಪೊರೆ ಕಳಚಿ ಒಳಗಿನ ಹರಿತವಾದ ಉಗುರು ಹೊರಬರಲು ಅದು ಎಲ್ಲಿಯಾದರೂ ಪರಚಲೇಬೇಕು. ನಿದ್ದೆಯಿಂದೆದ್ದಾಗ ಮುಂಗಾಲನ್ನು ಎತ್ತರಕ್ಕೆ ಊರಿ ಮೈ ಮುರಿಯುವುದಕ್ಕೂ ಅದಕ್ಕೊಂದು ಆಸರೆ ಬೇಕು. ಅಲ್ಲದೆ ಅದರ ಅಂಗಾಲಿನಲ್ಲಿ ವಾಸನೆಯ ಗ್ರಂಥಿಗಳುಂಟು. ಪರಚಿದಲ್ಲಿ ಆ ವಾಸನೆ ಅಂಟಿ, ಇದು ನನ್ನ ನೆಲೆ ಎಂಬ ಸಹಿ ಬೀಳುತ್ತದೆ. ಆದ್ದರಿಂದಲೇ ಅದು ಮೂಲೆಯ ಹಳೆಯ ಗೋಣಿಯನ್ನು ಬಿಟ್ಟು, ಮನೆಯವರೆಲ್ಲ ಕೂಡುವ ಕೋಣೆಯಲ್ಲಿ, ಎಲ್ಲರಿಗೂ ಕಾಣುವಲ್ಲಿ ಸಹಿ ಮಾಡುತ್ತದೆ. ನಮ್ಮ ಸ್ಪೀಕರ್ ಪೆಟ್ಟಿಗೆ ಅದರ ಕಣ್ಣಿಗೆ ಹೇಗೆ ಕಂಡಿರಬೇಕು! ಎತ್ತರವಾಗಿದೆ, ಭಾರವಾಗಿದೆ, ಅಲುಗಾಡುವುದಿಲ್ಲ, ಮೇಲೆ ಬಿಗಿಯಾಗಿ ಎಳೆದ ನೂಲಿನ ಹೊದಿಕೆಯಿದೆ. ಹೇಳಿ ಮಾಡಿಸಿದ ಮರದ ಬೊಡ್ಡೆ.

ಕಿವಿಯ ಮಾತೂ ಉಂಟು. ಮನುಷ್ಯನ ಕಿವಿ ಸೆಕೆಂಡಿಗೆ ಇಪ್ಪತ್ತು ಸಾವಿರ ಕಂಪನಗಳವರೆಗೆ ಕೇಳಬಲ್ಲದು. ಬೆಕ್ಕಿನ ಕಿವಿ ಅರವತ್ತು ಸಾವಿರವನ್ನೂ ದಾಟುತ್ತದೆ. ಇಲಿಮರಿಗಳ ಕೀರಲು ದನಿ ಕೇಳುವುದಕ್ಕೆ ಪ್ರಕೃತಿ ಕೊಟ್ಟ ವರ ಅದು. ಮನುಷ್ಯನಿಗೆ ಮುಪ್ಪಿನಲ್ಲಿ ಮೊದಲು ಮಸುಕಾಗುವುದು ಈ ಎತ್ತರದ ದನಿಗಳೇ. ಹಾಗಾದರೆ ನಮ್ಮ ಮನೆಯ ಸಂಜೆಯ ಕಚೇರಿಯಲ್ಲಿ ಇಬ್ಬರು ಶ್ರೋತೃಗಳು. ತಂಬೂರಿಯ ತಂತಿಯ ಕೊನೆಯ ಝೇಂಕಾರ ಒಬ್ಬರಿಗೆ ದಿನೇ ದಿನೇ ದೂರವಾಗುತ್ತಿದೆ. ಇನ್ನೊಬ್ಬರಿಗೆ ನಮಗಾರಿಗೂ ಕೇಳದಷ್ಟು ಕೇಳುತ್ತಿದೆ. ಈ ವಿಚಾರ ತಿಳಿದ ಮೇಲೆ ಚಿನ್ನವ್ವನನ್ನು ನೋಡುವ ನನ್ನ ದೃಷ್ಟಿಯೇ ಬೇರೆಯಾಯಿತು.

ಉಗುರನ್ನೇ ತೆಗೆಸಿಬಿಡಿ ಎಂದು ಪರದೇಶ ತಿರುಗಿ ಬಂದ ಮಿತ್ರರೊಬ್ಬರು ಸಲಹೆಯಿತ್ತರು. ವಿಚಾರಿಸಿದರೆ, ಅದು ಉಗುರು ಕತ್ತರಿಸುವ ಕೆಲಸವಲ್ಲ; ಪ್ರತಿಯೊಂದು ಬೆರಳಿನ ಕೊನೆಯ ಮೂಳೆಯನ್ನೇ ಕಡಿಯುವ ಶಸ್ತ್ರಕ್ರಿಯೆ. ಬ್ರಿಟನ್ನಿನಂಥ ದೇಶಗಳಲ್ಲಿ ಅದಕ್ಕೆ ನಿಷೇಧವಿದೆ. ಅಮೆರಿಕದ ನ್ಯೂಯಾರ್ಕ್ ರಾಜ್ಯವೂ 2019ರಲ್ಲಿ ಅದನ್ನು ನಿಷೇಧಿಸಿತು. ಸ್ವರ ಉಳಿಸುವುದಕ್ಕೆ ಬೆರಳು ಕಡಿಯುವುದೇ? ಆ ಮಾತನ್ನು ತಂದೆಯವರ ಕಿವಿಗೆ ಹಾಕುವ ಧೈರ್ಯ ನನಗಾಗಲಿಲ್ಲ.

ಇನ್ನು ಎರಡನೆಯ ಪ್ರಶ್ನೆ: ಸ್ಪೀಕರಿನ ಮುಖಕ್ಕೆ ಹೊದಿಕೆ ಏಕೆ ಬೇಕು? ಗ್ರಾಮಫೋನಿನ ಕಾಲದಲ್ಲಿ ಬೇಕಿರಲಿಲ್ಲ. ಫ್ರಾನ್ಸಿಸ್ ಬರಾಡ್ ಎಂಬ ಚಿತ್ರಕಾರ ಬರೆದ, 1899ರಲ್ಲಿ ಗ್ರಾಮಫೋನ್ ಕಂಪನಿ ಕೊಂಡ ಆ ಪ್ರಸಿದ್ಧ ಚಿತ್ರವನ್ನು ನೆನೆಯಿರಿ. ನಿಪ್ಪರ್ ಎಂಬ ನಾಯಿ ಹಿತ್ತಾಳೆಯ ಕೊಂಬಿನ ಮುಂದೆ ಕುಳಿತು ಒಡೆಯನ ದನಿ ಕೇಳುತ್ತಿದೆ. ಕೊಂಬಿನ ಬಾಯಿ ತೆರೆದೇ ಇದೆ, ಹರಿಯುವಂಥದೇನೂ ಅಲ್ಲಿಲ್ಲ. ಆದರೆ 1925ರಲ್ಲಿ ಅಮೆರಿಕದ ಚೆಸ್ಟರ್ ರೈಸ್ ಮತ್ತು ಎಡ್ವರ್ಡ್ ಕೆಲಾಗ್ ಎಂಬಿಬ್ಬರು ಇಂದಿನ ರೀತಿಯ ಸ್ಪೀಕರಿನ ರಚನೆಯನ್ನು ಲೋಕದ ಮುಂದಿಟ್ಟರು. ಅಯಸ್ಕಾಂತದ ನಡುವೆ ಒಂದು ತಂತಿಯ ಸುರುಳಿ, ಸುರುಳಿಗೆ ಅಂಟಿದ ಹಗುರವಾದ ಕೋನ್. ಸುರುಳಿ ಹಿಂದೆ ಮುಂದೆ ಓಡಿದಂತೆ ಕೋನ್ ಗಾಳಿಯನ್ನು ತಳ್ಳಿ ಸ್ವರ ಹುಟ್ಟಿಸುತ್ತದೆ. ಅದು ಹಗುರವಾಗಿದ್ದಷ್ಟೂ ಸ್ವರ ಚೆಲುವು. ಹಗುರವಾಗಿದ್ದಷ್ಟೂ ಉಗುರಿಗೆ ಸುಲಭದ ತುತ್ತು. ಆದುದರಿಂದ ಅದಕ್ಕೊಂದು ಸೆರಗು ಬೇಕಾಯಿತು.

ಬಟ್ಟೆಯ ಮಾತು ಬಂದರೆ ಬೆಟಗೇರಿಯಲ್ಲಿ ಪಂಡಿತರಿಗೆ ಬರವಿಲ್ಲ. ನಮ್ಮ ಓಣಿಯ ಹಿಂದೆ ಕೈಮಗ್ಗದ ಮೇಲೆ ಸೀರೆ ನೇಯುತ್ತ ಬಾಳಿದ ಹಿರಿಯರೊಬ್ಬರಿದ್ದಾರೆ; ನಾವೆಲ್ಲ ಅವರನ್ನು ಕಾಕಾ ಎನ್ನುತ್ತೇವೆ. ಹರಿದ ಹೊದಿಕೆಯನ್ನು ಅವರ ಮುಂದೆ ಹಿಡಿದು, ಉಗುರಿಗೆ ಬಗ್ಗದ ಬಟ್ಟೆ ನೇಯ್ದುಕೊಡಿರೆಂದು ಕೇಳಿದೆ. ಅವರು ಅದನ್ನು ಬೆಳಕಿಗೆ ಹಿಡಿದರು, ಬಾಯಿಂದ ಊದಿ ನೋಡಿದರು, ನಕ್ಕರು.

"ಸರ, ಇದು ಜಾಳ ನೇಯ್ಗಿ. ಎಳಿ ನಡುವ ಸಂದಿ ಬಿಟ್ಟಾರ, ಗಾಳಿ ಹೋಗಲಿ ಅಂತ. ಗಾಳಿ ಹೋಗೂ ಸಂದ್ಯಾಗ ಉಗುರೂ ಹೋಗತೈತಿ. ನಾ ಬಿಗಿ ನೇಯ್ದ ಕೊಟ್ಟರ ಉಗುರು ನಿಲ್ಲತೈತಿ ಖರೆ, ನಿಮ್ಮ ಹಾಡೂ ಒಳಗ ನಿಲ್ಲತೈತಿ."

ಇಡೀ ಶಾಸ್ತ್ರವನ್ನು ಕಾಕಾ ನಾಲ್ಕು ಮಾತಿನಲ್ಲಿ ಹೇಳಿ ಮುಗಿಸಿದ್ದರು. ಒತ್ತಾದ ಬಟ್ಟೆ ಎತ್ತರದ ಸ್ವರಗಳನ್ನು ನುಂಗುತ್ತದೆ. ಮೊದಲೇ ಅವು ಮಸುಕಾಗುತ್ತಿರುವ ಮುದಿ ಕಿವಿಗೆ ಅದು ಎರಡನೆಯ ಕೌದಿಯಾದೀತು. ಜಾಳಾದ ಬಟ್ಟೆ ಸ್ವರವನ್ನು ಬಿಡುತ್ತದೆ, ಉಗುರನ್ನೂ ಕರೆಯುತ್ತದೆ. ಬಟ್ಟೆಯಲ್ಲಿ ಈ ತೊಡಕಿಗೆ ಪರಿಹಾರವಿರಲಿಲ್ಲ.

ಪರಿಹಾರ ದೊರೆತದ್ದು ಲಕ್ಷ್ಮೇಶ್ವರದಲ್ಲಿ. ಹಿಂದೆ ಪುಲಿಗೆರೆ ಎನಿಸಿಕೊಂಡಿದ್ದ ಊರು. ತನ್ನ ಕಾವ್ಯದ ಭಾಷೆ ಈ ಊರಿನ ತಿರುಳ್ಗನ್ನಡವೆಂದು ಆದಿಕವಿ ಪಂಪ ಹೆಮ್ಮೆಪಟ್ಟ ಊರು. ಹುಲಿಯ ಹೆಸರಿನ ಊರಿನಲ್ಲಿಯೇ ಹುಲಿಯ ಕುಲದ ಬೆಕ್ಕಿಗೆ ಪರಿಹಾರ ಸಿಕ್ಕಿದ್ದು ಯೋಗಾಯೋಗವೆನ್ನಬೇಕು. ಅಲ್ಲಿ ಜಾತ್ರೆಗೆ, ಮದುವೆಗೆ ಧ್ವನಿವರ್ಧಕ ಬಾಡಿಗೆ ಕೊಡುವ, ಕೆಟ್ಟದ್ದನ್ನು ರಿಪೇರಿಯನ್ನೂ ಮಾಡುವ ಮಿಸ್ತ್ರಿಯೊಬ್ಬರು ತಂದೆಯವರ ಹಳೆಯ ಶಿಷ್ಯರು. ತೂತಾದ ಕೋನನ್ನು ಬದಲಿಸಲು ಅವರಲ್ಲಿಗೆ ಒಯ್ದಾಗ, ತಮ್ಮ ಜಾತ್ರೆಯ ಪೆಟ್ಟಿಗೆಗಳನ್ನು ತೋರಿಸಿ ಅವರೆಂದರು: "ಇವು ಲಾರ್‍ಯಾಗ ಏರತಾವು ಇಳೀತಾವು, ಹುಡುಗರು ಒದೀತಾರು, ಎಮ್ಮಿ ಕೋಡು ಹಾಯತೈತಿ. ಬಟ್ಟಿ ಹಾಕಿದರ ಒಂದು ಜಾತ್ರಿ ಬಾಳೂದಿಲ್ಲ. ಕಬ್ಬಿಣದ ಜಾಳಗೀನ ಬೇಕು. ಮಾಸ್ತರ ಮನೀಗೆ ಸಣ್ಣ ತೂತಿಂದು ಹಾಕಿಕೊಡತೀನಿ."

ಆ ಜಾಳಿಗೆಯ ಗುಟ್ಟುಗಳನ್ನು ಅವರಿಂದ ಕಲಿತದ್ದನ್ನು, ನನ್ನಂಥ ಮೂರನೆಯ ಪಂಗಡದವರಿಗಾಗಿ ಇಲ್ಲಿ ಹೇಳುತ್ತೇನೆ. ತೆಳುವಾದ ಉಕ್ಕಿನ ತಗಡಿಗೆ ಒತ್ತೊತ್ತಾಗಿ ಸಣ್ಣ ತೂತು ಹೊಡೆದಿರಬೇಕು. ತೂತು ಎರಡು-ಮೂರು ಮಿಲಿಮೀಟರಿನಷ್ಟಿದ್ದರೆ ಉಗುರಿನ ತುದಿ ತಾಗಿದರೂ ಪಂಜ ಒಳಹೋಗದು. ತಗಡಿನ ಅರ್ಧಕ್ಕಿಂತ ಹೆಚ್ಚು ಭಾಗ ತೆರವಾಗಿರಬೇಕು. ಇಲ್ಲದಿದ್ದರೆ ಸ್ವರ ಗೋಡೆಗೆ ಬಡಿದಂತಾಗುತ್ತದೆ. ತಗಡು ಕೋನಿಗೆ ತಾಗುವಂತಿರಬಾರದು, ಏಕೆಂದರೆ ಮಂದ್ರದ ದನಿಗೆ ಕೋನ್ ಮುಂದಕ್ಕೆ ಹಾಯುತ್ತದೆ. ತಗಡು ಪೆಟ್ಟಿಗೆಗೆ ಕೂಡುವಲ್ಲಿ ಸುತ್ತಲೂ ಉಣ್ಣೆಯ ಪಟ್ಟಿ ಅಂಟಿಸಬೇಕು. ಇಲ್ಲವಾದರೆ ತಬಲಾದ ಬಾಯಾಕ್ಕೆ ತಗಡೂ ಗಡಗಡನೆ ಸಾಥ್ ಕೊಡುತ್ತದೆ. ದಪ್ಪ ಮರದ ಚೌಕಟ್ಟು ಬೇಡ. ಅದರ ಅಂಚು ಎತ್ತರದ ಸ್ವರಗಳನ್ನು ಅಡ್ಡಗಟ್ಟಿ ಚದುರಿಸುತ್ತದೆ. ಒತ್ತಿ ಕೂಡಿಸುವ ಗುಬುಟುಗಳನ್ನು ನಂಬದೆ ಸ್ಕ್ರೂ ಹಾಕಿ ಬಿಗಿಯಬೇಕು. ಬೆಕ್ಕು ಒಮ್ಮೆ ಅಂಚಿಗೆ ಉಗುರು ಸಿಕ್ಕಿಸಿದರೆ ಚೌಕಟ್ಟನ್ನೇ ಕಳಚಿ ಕೈಗೆ ಕೊಡುತ್ತದೆ.

ಆದರೆ ಜಾಳಿಗೆ ಹಾಕಿದರೆ ಅರ್ಧ ಕೆಲಸ ಮಾತ್ರ ಆಯಿತು. ಬೇಡ ಎಂದು ಒಂದು ಕಡೆ ತಡೆದವನು, ಇಲ್ಲಿ ಮಾಡು ಎಂದು ಇನ್ನೊಂದು ಕಡೆ ತೋರಿಸಬೇಡವೇ? ಮೂರಡಿ ಎತ್ತರದ ಬೇವಿನ ತೊಲೆಯೊಂದನ್ನು ಅಗಲವಾದ ಹಲಗೆಗೆ ಬಿಗಿಸಿ, ಮೇಲಿನಿಂದ ಕೆಳಗಿನವರೆಗೆ ಕತ್ತಾಳೆಯ ಹಗ್ಗ ಸುತ್ತಿಸಿದೆ. ಅಲುಗಾಡುವ ಕಂಬವನ್ನು ಬೆಕ್ಕು ನಂಬುವುದಿಲ್ಲವಾದ್ದರಿಂದ ಹಲಗೆ ಭಾರವಾಗಿರಬೇಕು. ಮೊದಲು ಅದನ್ನು ಹಿತ್ತಲಲ್ಲಿಟ್ಟೆ. ಚಿನ್ನವ್ವ ಅದರತ್ತ ನೋಡಲೂ ಇಲ್ಲ. ಸಹಿ ಮಾಡುವ ಸ್ಥಳ ಬದಲಾಗಬಾರದಲ್ಲ! ತಂದು ಸ್ಪೀಕರಿನ ಪಕ್ಕದಲ್ಲಿಯೇ ಇಟ್ಟೆ. ಪೆಟ್ಟಿಗೆಯ ಮರದ ಬದಿಗಳಿಗೆ ಕೆಲವು ದಿನ ಎರಡೂ ಕಡೆ ಅಂಟುವ ಪಟ್ಟಿ ಹಚ್ಚಿದೆ. ಅಂಗಾಲಿಗೆ ಜಿಗುಟು ತಾಗುವುದು ಬೆಕ್ಕಿಗೆ ಹಿಡಿಸದು. ಮೂರನೆಯ ದಿನ ಬೆಳಿಗ್ಗೆ ಚಿನ್ನವ್ವ ನಿದ್ದೆಯಿಂದೆದ್ದು, ಜಾಳಿಗೆಗೆ ಒಮ್ಮೆ ಪಂಜ ಊರಿ, ಉಗುರು ಜಾರಲು ಅವಮಾನಗೊಂಡವಳಂತೆ ಸುತ್ತ ನೋಡಿ, ಕಂಬಕ್ಕೆ ಹೋಗಿ ಪರ್ರನೆ ಪರಚಿದಳು. ನಮ್ಮ ಮನೆಯಲ್ಲಿ ಅಂದು ಶಾವಿಗೆ ಪಾಯಸವಾಯಿತು.

ಆ ಸಂಜೆ ತಂದೆಯವರು ತಾವೇ ಎದ್ದು ಕೌದಿ ತೆಗೆದು ಮಡಚಿಟ್ಟರು. ಸ್ವರದಲ್ಲಿ ವ್ಯತ್ಯಾಸವಾಗಿದೆಯೇ ನೋಡಬೇಕಲ್ಲ. ಒಂದೇ ಖ್ಯಾಲನ್ನು ಜಾಳಿಗೆ ಬಿಚ್ಚಿ ಒಮ್ಮೆ, ಹಾಕಿ ಒಮ್ಮೆ ಕೇಳಿಸಿದೆ. ಕಿವಿಗೊಟ್ಟು ಹುಡುಕಿದರೆ ನನಗೆ ಒಂದು ಕೂದಲೆಳೆಯಷ್ಟು ಭೇದ ಕಂಡಿತು.

"ಏನಾರ ಕಡಿಮಿ ಆಗೇತೇನ್ರಿ ಅಪ್ಪಾ?" ಎಂದೆ.

ಅವರು ತೊಡೆಯ ಮೇಲಿನ ಬೆಕ್ಕಿನ ಕಿವಿ ತೋರಿಸಿದರು. ತಾನ್ ಏರಿದಂತೆ ಆ ಕಿವಿಗಳು ಒಂದು ಬಾರಿ ಪೆಟ್ಟಿಗೆಯ ಕಡೆ, ಒಂದು ಬಾರಿ ಬಾಗಿಲ ಕಡೆ ತಿರುಗುತ್ತಿದ್ದವು.

"ಕಡಿಮಿ ಆಗಿದ್ದರ ಇದಕ್ಕ ಗೊತ್ತಾಗಬೇಕು. ಇದು ಸುಮ್ಮನ ಮಲಗೇತಿ ನೋಡು. ನನಗ ಅಷ್ಟ ಸಾಕು."

ಮನೆಯೆಂದ ಮೇಲೆ ಒಬ್ಬರ ಉಗುರು ಇನ್ನೊಬ್ಬರ ಸ್ವರಕ್ಕೆ ತಾಗುವುದು ಬೆಕ್ಕಿನಿಂದಲೇ ಆಗಬೇಕೆಂದಿಲ್ಲ. ತಾಗಿದಾಗ ನಮಗೆ ಥಟ್ಟನೆ ಹೊಳೆಯುವ ಉಪಾಯಗಳು ಎರಡೇ: ಒಬ್ಬರನ್ನು ಶಿರಹಟ್ಟಿಗೆ ಕಳಿಸುವುದು, ಇಲ್ಲವೆ ಇನ್ನೊಬ್ಬರು ಕೌದಿ ಹೊದ್ದು ಸುಮ್ಮನಾಗುವುದು. ಮೂರನೆಯದು ಲಕ್ಷ್ಮೇಶ್ವರದವರೆಗೆ ಹೋಗಿ ಹುಡುಕಬೇಕಾದದ್ದು, ಆದರೆ ಬಹುಮಟ್ಟಿಗೆ ಸಿಗುವಂಥದು. ಶಿರಹಟ್ಟಿಯ ಮಿತ್ರರಿಗೆ ಬೇರೊಂದು ಬೆಕ್ಕು ದೊರೆತಿದೆಯೆಂದೂ, ಅವರ ಶೇಂಗಾ ಕ್ಷೇಮವಾಗಿದೆಯೆಂದೂ ತಿಳಿದುಬಂದಿದೆ.

ಬಲಗಡೆಯ ಪೆಟ್ಟಿಗೆಯ ಮರದ ಅಂಚಿನಲ್ಲಿ ಆ ಶ್ರಾವಣದ ನಾಲ್ಕು ಗೀರುಗಳು ಇನ್ನೂ ಇವೆ. ಬಣ್ಣ ಹಚ್ಚಿಸಿ ಮುಚ್ಚೋಣವೆಂದರೆ ತಂದೆಯವರು ಒಪ್ಪುವುದಿಲ್ಲ. "ಇರಲಿ ಬಿಡು, ನಿಮ್ಮವ್ವ ತಂದ ಬೆಕ್ಕಿನ ಸಹಿ ಅದು" ಎನ್ನುತ್ತಾರೆ.